ಆಣೆ, ಹಿಂಬಾಲಿಕೆ ಮತ್ತು ಮೂರನೆಯ ವ್ಯಕ್ತಿ: ತಿರುವೊಟ್ಟಿಯೂರಿನ ಹಿನ್ನೆಲೆಯಲ್ಲಿ ಕ್ರೈಸ್ತ ಶಿಷ್ಯತ್ವದ ಒಂದು ಓದು

1

ಕನ್ನಡದಲ್ಲಿ ಕ್ರೈಸ್ತ ಸಾಹಿತ್ಯದ ಅಧ್ಯಯನವೆಂದರೆ ಬಹುಮಟ್ಟಿಗೆ ಮಿಶನರಿಗಳ ಭಾಷಾಸೇವೆಯ ಅಧ್ಯಯನವೆಂದೇ ರೂಢಿಯಾಗಿದೆ. ವಿಲಿಯಂ ರೀವನ 1832ರ ನಿಘಂಟು, ಹರ್ಮನ್ ಮೋಗ್ಲಿಂಗನು 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’, ಫರ್ಡಿನಾಂಡ್ ಕಿಟ್ಟೆಲನ 1894ರ ನಿಘಂಟು ಇವುಗಳ ಬಗೆಗೆ ನಮ್ಮ ವಿದ್ವಾಂಸರು ಕೃತಜ್ಞತೆಯಿಂದ ಬರೆದಿದ್ದಾರೆ. ಆದರೆ ಈ ಜನ ಯಾವ ಕೆಲಸಕ್ಕಾಗಿ ಕನ್ನಡವನ್ನು ಕಲಿತರೋ ಆ ಕೆಲಸದ ಫಲವಾದ ಧಾರ್ಮಿಕ ಬರವಣಿಗೆಯನ್ನು ವಿಮರ್ಶೆ ತನ್ನ ವಸ್ತುವನ್ನಾಗಿ ಮಾಡಿಕೊಂಡದ್ದು ಕಡಿಮೆ. ಅದು ಮತಪ್ರಚಾರ, ಆದುದರಿಂದ ಸಾಹಿತ್ಯವಲ್ಲ ಎಂಬ ಗ್ರಹಿಕೆ ಇದಕ್ಕೆ ಒಂದು ಕಾರಣ.

ಇನ್ನೊಂದು ಕಡೆ, ಕ್ರೈಸ್ತ ಸಭೆಗಳ ಒಳಗೆ ಒಂದು ಬರಹದ ಪ್ರಕಾರ ತಲೆಮಾರುಗಳಿಂದ ಬಳಕೆಯಲ್ಲಿದೆ. ವೇದವಾಕ್ಯವೊಂದನ್ನು ಎತ್ತಿಕೊಂಡು ಅದರಿಂದ ಶಿಷ್ಯತ್ವದ ಪಾಠಗಳನ್ನು ಒಂದೊಂದಾಗಿ ತೆಗೆಯುವುದು ಅದರ ರೀತಿ. ಭಾನುವಾರದ ಪ್ರಸಂಗ, ಸತ್ಯವೇದದ ಅಭ್ಯಾಸ ವರ್ಗ, ಸಣ್ಣ ಪುಸ್ತಿಕೆ ಇವೆಲ್ಲ ಇದೇ ಅಚ್ಚಿನಲ್ಲಿ ಇರುತ್ತವೆ: ಮೊದಲು ವಾಕ್ಯ, ಆಮೇಲೆ ಪಾಠ, ಕೊನೆಗೆ ಬದುಕಿಗೆ ಅನ್ವಯ. ಓದುವವರು ಇವನ್ನು ಆತ್ಮಸಾಧನೆಗಾಗಿ ಓದುತ್ತಾರೆ, ಪ್ರಶ್ನಿಸುವುದಕ್ಕಾಗಿ ಅಲ್ಲ. ಹೀಗಾಗಿ ಹೊರಗಿನ ವಿಮರ್ಶೆ ಇದನ್ನು ಮುಟ್ಟುವುದಿಲ್ಲ, ಒಳಗಿನ ಭಕ್ತಿ ಇದನ್ನು ಪರೀಕ್ಷಿಸುವುದಿಲ್ಲ.

ಈ ಲೇಖನದಲ್ಲಿ ನಾವು ಆ ಪ್ರಕಾರದ ಕೇಂದ್ರದಲ್ಲಿರುವ ಕಲ್ಪನೆಯನ್ನೇ ಪರೀಕ್ಷೆಗೆ ಒಡ್ಡಲು ಹೊರಟಿದ್ದೇವೆ. ಶಿಷ್ಯನೆಂದರೆ ಯಾರು? ಶಿಷ್ಯತ್ವವು ಗುರು ಮತ್ತು ಶಿಷ್ಯ ಎಂಬ ಇಬ್ಬರ ನಡುವಿನ ವ್ಯವಹಾರವೇ, ಅಥವಾ ಅದರಲ್ಲಿ ಮೂರನೆಯವರೊಬ್ಬರು ಇರಲೇಬೇಕೇ? ಈ ಪ್ರಶ್ನೆಗೆ ಒಂದು ನೆಲೆಯಾಗಿ ನಾವು ಆರಿಸಿಕೊಂಡಿರುವುದು ಚೆನ್ನೈ ಮಹಾನಗರದ ಉತ್ತರದ ಅಂಚಿನಲ್ಲಿ, ಬಂಗಾಳ ಕೊಲ್ಲಿಯ ದಡದಲ್ಲಿರುವ ತಿರುವೊಟ್ಟಿಯೂರನ್ನು. ಇದು ಶೈವಕ್ಷೇತ್ರ, ಕ್ರೈಸ್ತ ತೀರ್ಥವಲ್ಲ. ಆದರೂ ಕೊಟ್ಟ ಮಾತು, ಮುರಿದ ಮಾತು, ಮುರಿದ ಮೇಲಿನ ಬದುಕು ಇವನ್ನು ಕುರಿತ ಎರಡು ಪ್ರಸಿದ್ಧ ವೃತ್ತಾಂತಗಳು ಇದೇ ಊರಿನವು. ಎರಡಕ್ಕೂ ಕನ್ನಡದ ಸಂಬಂಧವಿದೆ. ಸುವಾರ್ತೆಗಳು ಶಿಷ್ಯತ್ವದ ಬಗ್ಗೆ ಹೇಳುವುದನ್ನು ಈ ವೃತ್ತಾಂತಗಳ ಪಕ್ಕದಲ್ಲಿಟ್ಟು ಓದಿದಾಗ ಪಾಠಪುಸ್ತಿಕೆಗಳಲ್ಲಿ ಮಸುಕಾಗಿರುವ ಒಂದು ಅಂಶ ಸ್ಪಷ್ಟವಾಗುತ್ತದೆಯೆಂಬುದು ನಮ್ಮ ನಿಲುವು.

2

ಮೊದಲು ಶಬ್ದವನ್ನೇ ಪರಿಶೀಲಿಸಬಹುದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಬರುವ ಪದ ‘ಮಥೇತೇಸ್’. ಕಲಿಯುವವನು ಎಂದು ಅದರ ಅರ್ಥ. ಅದು ಸುಮಾರು 260 ಸಲ ಬರುತ್ತದೆ. ಬರುವುದು ನಾಲ್ಕು ಸುವಾರ್ತೆಗಳಲ್ಲಿ ಮತ್ತು ಅಪೊಸ್ತಲರ ಕೃತ್ಯಗಳಲ್ಲಿ ಮಾತ್ರ. ಪೌಲನ ಪತ್ರಿಕೆಗಳಲ್ಲಿ ಈ ಪದ ಒಮ್ಮೆಯೂ ಇಲ್ಲ. ಇದಕ್ಕೆ ಪ್ರತಿಯಾಗಿ ‘ಕ್ರೈಸ್ತ’ ಎಂಬ ಹೆಸರು ಇಡೀ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಕಾಣುತ್ತದೆ. ಅಂತಿಯೋಕ್ಯದಲ್ಲಿ ಮೊದಲ ಸಲ ಆ ಹೆಸರು ಬಿದ್ದದ್ದು ಶಿಷ್ಯರಿಗೇ ಎಂದು ಕೃತ್ಯಗಳ ಹನ್ನೊಂದನೆಯ ಅಧ್ಯಾಯ ಹೇಳುತ್ತದೆ. ಅಂದರೆ ಶಿಷ್ಯನೆಂಬುದು ಕ್ರೈಸ್ತನೆಂಬುದಕ್ಕಿಂತ ಹಳೆಯ ಗುರುತು. ಸ್ತ್ರೀಲಿಂಗ ರೂಪ ಒಂದೇ ಕಡೆ ಇದೆ: ಯೊಪ್ಪ ಪಟ್ಟಣದ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಬಿಥಾಳಿಗೆ ಆ ಪದ ಸಲ್ಲುತ್ತದೆ. ಆಕೆಯ ಶಿಷ್ಯತ್ವಕ್ಕೆ ಗ್ರಂಥದಲ್ಲಿ ವಿಧವೆಯರು ತೋರಿಸುವ ಸಾಕ್ಷ್ಯ ಆ ಅಂಗಿಗಳು, ನಿಲುವಂಗಿಗಳು. ಈ ಸಂಗತಿಯನ್ನು ನಾವು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಭಾಷೆಯಿಂದ ಭಾಷೆಗೆ ಹೋಗುವಾಗ ಈ ಪದ ಬೇರೆ ಬೇರೆ ಬಣ್ಣ ಪಡೆದಿದೆ. ಲ್ಯಾಟಿನ್ನಿನ ‘ದಿಸ್ಕಿಪುಲುಸ್’ ಕಲಿಕೆಯನ್ನೇ ಮುಂದಿಡುತ್ತದೆ. ಲೂಥರನ ಜರ್ಮನ್ ಬೈಬಲಿನ ‘ಯುಂಗರ್’ ಎಂಬ ಪದದ ಮೂಲಾರ್ಥ ಕಿರಿಯವನು. ತಮಿಳಿನ ಹಳೆಯ ಅನುವಾದದಲ್ಲಿ ‘ಸೀಷನ್’ ಎಂದಿದೆ, ಕನ್ನಡದಲ್ಲಿ ‘ಶಿಷ್ಯ’. ಎರಡೂ ಒಂದೇ ಸಂಸ್ಕೃತ ಪದದಿಂದ ಬಂದವು. ಶಾಸನ, ಶಾಸ್ತ್ರ ಎಂಬ ಪದಗಳು ಹುಟ್ಟಿದ ಧಾತುವಿನಿಂದಲೇ ಶಿಷ್ಯ ಹುಟ್ಟಿದೆ. ಶಾಸಿಸಲ್ಪಡತಕ್ಕವನು, ಉಪದೇಶಕ್ಕೆ ಒಳಪಡತಕ್ಕವನು ಎಂಬುದು ಅದರ ಅರ್ಥ. ಕಲಿಯುವವನ ಕ್ರಿಯೆಗಿಂತ ಕಲಿಸುವವನ ಅಧಿಕಾರಕ್ಕೆ ಇಲ್ಲಿ ಒತ್ತು.

ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದ ಲಂಡನ್ ಮಿಶನ್ನಿನವರು ಬಳ್ಳಾರಿಯಲ್ಲಿ ಕೂತು ಕನ್ನಡ ಬೈಬಲನ್ನು ಸಿದ್ಧಪಡಿಸಿದಾಗ (ಪೂರ್ಣ ಬೈಬಲು 1831ರ ಹೊತ್ತಿಗೆ ಹೊರಬಂದಿತು) ಬಳ್ಳಾರಿ ಮದರಾಸು ಅಧಿಪತ್ಯಕ್ಕೆ ಸೇರಿತ್ತು. ಅವರ ಸುತ್ತಲೂ ವೀರಶೈವ ಮಠಗಳ, ಮಾಧ್ವ ಮಠಗಳ ಗುರುಶಿಷ್ಯ ಪರಂಪರೆಗಳು ಜೀವಂತವಾಗಿದ್ದವು. ಹೀಗೆ ಕನ್ನಡದ ಕ್ರೈಸ್ತ ಪದಕೋಶ ದೇಸೀ ಮತಗಳ ನೆರೆಯಲ್ಲಿ ಬೆಳೆಯಿತು. ಗುರು, ಬೋಧಕ, ಕರ್ತ ಎಂಬ ಸಂಬೋಧನೆಗಳ ಜೊತೆಗೆ ‘ದೀಕ್ಷಾಸ್ನಾನ’ ಎಂಬ ಪದವೂ ನೆಲೆಗೊಂಡಿತು. ದೀಕ್ಷೆಯೆಂದರೆ ಕನ್ನಡಿಗನ ಮನಸ್ಸಿಗೆ ಮೊದಲು ಬರುವುದು ಶೈವ ಗುರು ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಮಾಡುವ ಸಂಸ್ಕಾರ. ಈ ಪದಗಳ ಸಹವಾಸದಲ್ಲಿ ‘ಶಿಷ್ಯ’ ಎಂಬುದು ಬಂದುದರಿಂದ, ಅದರೊಂದಿಗೆ ಇಬ್ಬರೇ ಇರುವ ಒಂದು ಚಿತ್ರವೂ ಬಂದಿತು: ಎತ್ತರದಲ್ಲಿ ಗುರು, ಪಾದದ ಬಳಿ ಶಿಷ್ಯ.

ಸುವಾರ್ತೆಯ ಚಿತ್ರ ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಮತ್ತಾಯನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಯೇಸು ತನ್ನವರಿಗೆ, ಗುರುವೆಂದು ಕರೆಸಿಕೊಳ್ಳಬೇಡಿರಿ, ನೀವೆಲ್ಲ ಸಹೋದರರು ಎಂದು ತಿಳಿಸುತ್ತಾನೆ. ಯೋಹಾನನ ಹದಿಮೂರನೆಯ ಅಧ್ಯಾಯದಲ್ಲಿ ಪಾದದ ಬಳಿ ಕುಳಿತವನು ಗುರುವೇ. ಕಾಲು ನೀಡಿದವರು ಶಿಷ್ಯರು. ಹದಿನೈದನೆಯ ಅಧ್ಯಾಯದಲ್ಲಿ ಅವರು ಇನ್ನು ಆಳುಗಳಲ್ಲ, ಸ್ನೇಹಿತರು. ಕನ್ನಡದ ಪದ ಸಾಗುವ ದಿಕ್ಕಿಗೂ ಗ್ರಂಥ ಸಾಗುವ ದಿಕ್ಕಿಗೂ ಇರುವ ಈ ಎಳೆದಾಟವನ್ನು ಗಮನಿಸದೆ ಪಾಠ ತೆಗೆಯುವುದರಿಂದ ಪಾಠಪುಸ್ತಿಕೆಗಳು ವಿಧೇಯತೆಯೊಂದನ್ನೇ ದೊಡ್ಡದು ಮಾಡುತ್ತವೆ.

3

ಈ ಪ್ರಕಾರದ ಬರಹಗಳಿಗೆ ಹೆಚ್ಚು ಪ್ರಿಯವಾದ ಭಾಗಗಳು ಲೂಕನ ಒಂಬತ್ತನೆಯ ಮತ್ತು ಹದಿನಾಲ್ಕನೆಯ ಅಧ್ಯಾಯಗಳು. ಒಂಬತ್ತನೆಯದರ ಕೊನೆಯಲ್ಲಿ ಮೂವರು ಬರುತ್ತಾರೆ. ಒಬ್ಬನು ಎಲ್ಲಿಗಾದರೂ ಹಿಂದೆ ಬರುತ್ತೇನೆಂದು ತಾನಾಗಿಯೇ ಮಾತು ಕೊಡುತ್ತಾನೆ. ನರಿಗಳಿಗಿರುವ ಗುದ್ದೂ ತನಗಿಲ್ಲವೆಂಬುದು ಅವನಿಗೆ ಸಿಗುವ ಉತ್ತರ. ಇನ್ನೊಬ್ಬನು ತಂದೆಯನ್ನು ಹೂಣಿಡಲು ಸಮಯ ಕೇಳುತ್ತಾನೆ. ಮತ್ತೊಬ್ಬನು ಮನೆಯವರಿಗೆ ಹೇಳಿ ಬರಲು. ನೇಗಿಲಿಗೆ ಕೈಹಾಕಿದವನು ಹಿಂದಿರುಗಿ ನೋಡಲಾಗದೆಂಬ ಮಾತು ಬರುವುದು ಅಲ್ಲಿಯೇ. ಹದಿನಾಲ್ಕನೆಯ ಅಧ್ಯಾಯದಲ್ಲಿ ಗೋಪುರ ಕಟ್ಟುವವನು ಮೊದಲು ಖರ್ಚಿನ ಲೆಕ್ಕ ಹಾಕಬೇಕೆಂಬ, ಯುದ್ಧಕ್ಕೆ ಹೊರಟ ಅರಸನು ತನ್ನ ದಂಡನ್ನು ಎಣಿಸಿಕೊಳ್ಳಬೇಕೆಂಬ ಸಾಮ್ಯಗಳಿವೆ. ಇವುಗಳಿಂದ ಸಾಮಾನ್ಯವಾಗಿ ತೆಗೆಯುವ ಪಾಠಗಳು ಮೂರು: ಬೆಲೆ ತೆರು, ಬಿಟ್ಟು ಬಾ, ಹಿಂದಿರುಗಬೇಡ.

ಇಪ್ಪತ್ತನೆಯ ಶತಮಾನದಲ್ಲಿ ಈ ವಾಕ್ಯಗಳಿಗೆ ಅತ್ಯಂತ ಪ್ರಸಿದ್ಧವಾದ ಭಾಷ್ಯ ಬರೆದವನು ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್. 1937ರಲ್ಲಿ ಹೊರಬಂದ ಅವನ ಪುಸ್ತಕದ ಜರ್ಮನ್ ಹೆಸರಿಗೆ ಹಿಂಬಾಲಿಕೆ ಎಂದಷ್ಟೇ ಅರ್ಥ. ಇಂಗ್ಲಿಷಿಗೆ ಬಂದಾಗ ಶಿಷ್ಯತ್ವದ ಬೆಲೆ ಎಂಬರ್ಥದ ಹೆಸರು ಅದಕ್ಕೆ ಸಿಕ್ಕಿತು. ಮೂಲದ ಹೆಸರಿನಲ್ಲಿ ಒತ್ತು ನಡೆಯ ಮೇಲಿದೆ. ಅನುವಾದದ ಹೆಸರಿನಲ್ಲಿ ತೆತ್ತ ಬೆಲೆಯ ಮೇಲೆ. 1945ರ ಏಪ್ರಿಲಿನಲ್ಲಿ ನಾತ್ಸಿ ಆಳ್ವಿಕೆ ಅವನನ್ನು ಗಲ್ಲಿಗೇರಿಸಿತು. ಆ ಮರಣದ ಬೆಳಕಿನಲ್ಲಿ ಪುಸ್ತಕವನ್ನು ಓದಿದವರಿಗೆ ಬೆಲೆಯ ಮಾತೇ ಎದ್ದು ಕಂಡುದು ಸಹಜ. ಆದರೆ ಅವನು ಬೆಲೆ ತೆತ್ತದ್ದು ಯಾರ ಸಲುವಾಗಿ ಎಂಬುದನ್ನು ಬಿಟ್ಟರೆ ಆ ಬೆಲೆಗೆ ಅರ್ಥವಿಲ್ಲ. ತನ್ನ ಸಭೆ ಯೆಹೂದ್ಯರ ಪರವಾಗಿ ಬಾಯಿ ತೆರೆಯಬೇಕೆಂದು ಅವನು 1933ರಿಂದಲೇ ವಾದಿಸಿದ್ದನು. ನಮ್ಮ ಪಾಠಪುಸ್ತಿಕೆಗಳಲ್ಲಿ ಬೆಲೆಯ ಮಾತು ಉಳಿದಿದೆ. ಯಾರ ಸಲುವಾಗಿ ಎಂಬ ಪ್ರಶ್ನೆ ಜಾರಿಹೋಗಿದೆ. ಶಿಷ್ಯನು ಗುರುವಿಗೆ ಮಾತು ಕೊಟ್ಟನು, ಉಳಿಸಿಕೊಂಡನು ಅಥವಾ ಮುರಿದನು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಕೊಟ್ಟ ಮಾತಿನ ಈ ಕಥೆ ಅಷ್ಟು ಸರಳವಲ್ಲವೆಂಬುದನ್ನು ತೋರಿಸಲು ನಾವೀಗ ತಿರುವೊಟ್ಟಿಯೂರಿಗೆ ಬರಬೇಕು.

4

ತಿರುವೊಟ್ಟಿಯೂರು ಇಂದು ಗೋದಾಮು, ಕಾರ್ಖಾನೆ, ಮೀನುಗಾರರ ಕುಪ್ಪಗಳ ನಡುವಿನ ಊರು. 2011ರಿಂದ ಚೆನ್ನೈ ಮಹಾನಗರಪಾಲಿಕೆಯ ಭಾಗ. ನಡುವೆ ಆದಿಪುರೀಶ್ವರ ದೇವಾಲಯ. ತ್ಯಾಗರಾಜಸ್ವಾಮಿಯ ಗುಡಿಯೆಂದೇ ಜನ ಅದನ್ನು ಬಲ್ಲರು. ತೇವಾರದ ಕವಿಗಳು ಹಾಡಿದ ಈ ದೇವಾಲಯದ ಶಾಸನಗಳಲ್ಲಿ ಕೆಲವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯವು. ಕನ್ನರದೇವನೆಂಬ ಹೆಸರಿನಿಂದ ತಮಿಳುನಾಡಿನ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಈತ 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿ ಉತ್ತರ ತಮಿಳುನಾಡನ್ನು ತನ್ನ ಅಧೀನಕ್ಕೆ ತಂದುಕೊಂಡಿದ್ದನು.

ಆ ಯುದ್ಧದಲ್ಲಿ ಚೋಳ ಯುವರಾಜ ರಾಜಾದಿತ್ಯನು ಆನೆಯ ಮೇಲೆ ಕುಳಿತಂತೆಯೇ ಮಡಿದನು. ಕೊಂದವನು ಕೃಷ್ಣನ ಮಿತ್ರನಾದ ಗಂಗ ಎರಡನೆಯ ಬೂತುಗ. ಕನ್ನಡ ವಿದ್ಯಾರ್ಥಿಗಳಿಗೆ ಇದು ಆತಕೂರು ಶಾಸನದಿಂದ ಪರಿಚಿತ. ಮಂಡ್ಯ ಜಿಲ್ಲೆಯ ಆ ಕಲ್ಲಿನಲ್ಲಿ ಇನ್ನೊಂದು ಸಂಗತಿಯೂ ಇದೆ: ಬೂತುಗನ ಸೇವಕನಾದ ಮಣಲೆಯರನು ಮೆಚ್ಚುಗೆಯ ವರವಾಗಿ ಬೇಡಿದ್ದು ಕಾಳಿಯೆಂಬ ನಾಯಿಯನ್ನು, ಕಾಡುಹಂದಿಯೊಡನೆ ಕಾದಾಡಿ ಆ ನಾಯಿ ಹಂದಿಯೊಂದಿಗೇ ಸತ್ತಾಗ ಅದರ ನೆನಪಿಗೆ ಅವನು ಕಲ್ಲು ನಿಲ್ಲಿಸಿದನು. ಒಡೆಯನ ಕೆಲಸದಲ್ಲಿ ಪ್ರಾಣ ಕೊಡುವುದನ್ನು ಆ ಕಾಲ ಎಷ್ಟು ದೊಡ್ಡ ಮೌಲ್ಯವೆಂದು ಬಗೆದಿತ್ತೆಂಬುದಕ್ಕೆ ಈ ಕಲ್ಲು ಸಾಕ್ಷಿ. ವೇಳೆವಾಳಿ, ಲೆಂಕವಾಳಿ, ಜೋಳವಾಳಿ ಎಂಬ ಹೆಸರುಗಳಿಂದ ಕನ್ನಡ ಶಾಸನಗಳಲ್ಲಿ ಬರುವ ಈ ನಿಷ್ಠೆಯನ್ನು ಎಂ. ಚಿದಾನಂದಮೂರ್ತಿಯವರು ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (1966) ವಿವರಿಸಿದ್ದಾರೆ. ಒಡೆಯನೊಡನೆ ಸಾಯುತ್ತೇನೆಂದು ಮೊದಲೇ ಆಣೆಯಿಟ್ಟವನು ವೇಳೆವಾಳಿ. ಆಣೆಯನ್ನು ನಡೆಸಿದವನಿಗೆ ವೀರಗಲ್ಲು.

ನಡೆಸಲಾಗದೆ ಉಳಿದವನಿಗೆ ಏನು? ಈ ಪ್ರಶ್ನೆಗೆ ಉತ್ತರ ಅದೇ ಯುದ್ಧದ ಇನ್ನೊಂದು ತುದಿಯಲ್ಲಿ, ತಿರುವೊಟ್ಟಿಯೂರಿನಲ್ಲಿದೆ. ಕನ್ನರದೇವನ ಆಳ್ವಿಕೆಯ 20ನೆಯ ವರ್ಷದ ಶಾಸನವೊಂದು ಅಲ್ಲಿನ ಮಠದ ಯತಿ ಚತುರಾನನ ಪಂಡಿತನ ಪೂರ್ವವೃತ್ತಾಂತವನ್ನು ಹೇಳುತ್ತದೆ. ಈತ ಕೇರಳದವನು, ವಲ್ಲಭನೆಂಬ ಹೆಸರಿನವನು, ವಿದ್ಯಾವಂತ. ಚೋಳನಾಡಿಗೆ ಬಂದು ರಾಜಾದಿತ್ಯನ ಆಪ್ತ ಸಾಮಂತನಾದನು. ಒಡೆಯನು ಯುದ್ಧದಲ್ಲಿ ಮಡಿದಾಗ ಪಕ್ಕದಲ್ಲಿದ್ದು ಜೊತೆಗೆ ಸಾಯಲಾಗಲಿಲ್ಲವೆಂಬ ನೋವು ಅವನಿಗೆ ವೈರಾಗ್ಯ ತಂದಿತು. ಗಂಗೆಯಲ್ಲಿ ಮಿಂದು ತಿರುವೊಟ್ಟಿಯೂರಿಗೆ ಬಂದು ನಿರಂಜನಗುರುವಿನಿಂದ ವ್ರತ ಸ್ವೀಕರಿಸಿದನು. ಮುಂದೆ ಮಠದ ಹೊಣೆ ಹೊತ್ತನು. ತನ್ನ ಒಡೆಯನನ್ನು ಕೊಂದ ಪಕ್ಷದ ಅರಸನ ಆಳ್ವಿಕೆಯಲ್ಲಿಯೇ ಅವನು ದೇವಾಲಯಕ್ಕೆ ದತ್ತಿ ಬಿಟ್ಟ ದಾಖಲೆ ಇದು.

ಶಾಸನವು ಸೋಲನ್ನು ಮುಚ್ಚಿಲ್ಲವೆಂಬುದು ಇಲ್ಲಿ ಮುಖ್ಯ. ಜೊತೆಗೆ ಸಾಯಬೇಕಾದವನು ಸಾಯಲಿಲ್ಲ ಎಂಬ ಲಜ್ಜೆಯೇ ಅವನ ಶಿಷ್ಯತ್ವದ ಬಾಗಿಲಾಯಿತೆಂದು ಅದು ಬಹಿರಂಗವಾಗಿ ಕಲ್ಲಿನ ಮೇಲೆ ಹೇಳುತ್ತದೆ. ವೀರಗಲ್ಲಿನ ಲೋಕದಲ್ಲಿ ಇಂಥವನಿಗೆ ಜಾಗವಿಲ್ಲ. ಮಠದ ಲೋಕದಲ್ಲಿ ಇದೆ.

5

ಅದೇ ದೇವಾಲಯದ ಇನ್ನೊಂದು ಕಥೆ ಇನ್ನೂ ತೊಡಕಿನದು. ಅದು ಸುಂದರಮೂರ್ತಿ ನಾಯನಾರರದು. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರರು ಪೆರಿಯಪುರಾಣದಲ್ಲಿ ಇದನ್ನು ವಿಸ್ತಾರವಾಗಿ ಹೇಳಿದ್ದಾರೆ. ಹರಿಹರನ ‘ನಂಬಿಯಣ್ಣನ ರಗಳೆ’ಯ ಮೂಲಕ ಸುಂದರರು ನಂಬಿಯಣ್ಣನಾಗಿ, ಪರವೈ ಮತ್ತು ಸಂಗಿಲಿಯರು ಪರವೆ ಮತ್ತು ಸಂಕಿಲೆಯರಾಗಿ ಕನ್ನಡದ ಮನೆಮಾತಾದರು. ನಾವು ಇಲ್ಲಿ ತಮಿಳು ಪುರಾಣದ ಕಥನವನ್ನು ಅನುಸರಿಸುತ್ತೇವೆ.

ಸುಂದರರ ಮದುವೆಯ ದಿನ ಮುದುಕ ಬ್ರಾಹ್ಮಣನ ವೇಷದಲ್ಲಿ ಶಿವನು ಬಂದು, ಇವನ ಅಜ್ಜ ಬರೆದುಕೊಟ್ಟ ಆಳಿನ ಓಲೆ ತನ್ನ ಬಳಿಯಿದೆ, ಇವನು ತನ್ನ ಆಳು ಎಂದು ಮದುವೆಯನ್ನು ನಿಲ್ಲಿಸುತ್ತಾನೆ. ಸುವಾರ್ತೆಯಲ್ಲಿ ಬಲೆ ಬೀಸುತ್ತಿದ್ದವರನ್ನು, ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಯನ್ನು ಯೇಸು ತಾನೇ ಬಂದು ಕರೆದಂತೆ, ಇಲ್ಲಿಯೂ ಒಡೆಯನೇ ಬಂದು ಹಿಡಿಯುತ್ತಾನೆ. ಶಿಷ್ಯನು ಗುರುವನ್ನು ಅರಸಿ ಹೋದದ್ದಲ್ಲ. ಹೀಗೆ ಆಳಾದವನು ಮುಂದೆ ಒಡೆಯನ ಗೆಳೆಯನಾಗುತ್ತಾನೆ. ಶೈವ ಪರಂಪರೆಯಲ್ಲಿ ಸುಂದರರಿಗೆ ದೇವರ ತೋಳ, ಅಂದರೆ ಸಖ, ಎಂದೇ ಬಿರುದು. ಯೋಹಾನನ ಹದಿನೈದನೆಯ ಅಧ್ಯಾಯದ ಆಳು ಮತ್ತು ಸ್ನೇಹಿತ ಎಂಬ ಜೋಡಿಗೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಹತ್ತಿರದ ಹೋಲಿಕೆ ನಮಗೆ ತಿಳಿದಂತೆ ಇಲ್ಲ.

ತಿರುವಾರೂರಿನಲ್ಲಿ ಪರವೆಯನ್ನು ವರಿಸಿದ್ದ ಸುಂದರರು ತಿರುವೊಟ್ಟಿಯೂರಿಗೆ ಬಂದು ದೇವರಿಗೆ ಹೂಮಾಲೆ ಕಟ್ಟುವ ಸಂಕಿಲೆಯನ್ನು ಕಂಡು ಮೋಹಗೊಳ್ಳುತ್ತಾರೆ. ಕೊಡಿಸೆಂದು ಶಿವನನ್ನೇ ಕೇಳುತ್ತಾರೆ. ಈತ ತಿರುವಾರೂರಿಗೆ ಹೊರಟುಹೋಗುವವನೆಂಬುದು ಸಂಕಿಲೆಯ ಅಂಜಿಕೆ. ಬಿಟ್ಟುಹೋಗುವುದಿಲ್ಲವೆಂದು ಆತ ಆಣೆಯಿಡುವನೆಂದು ಶಿವನು ಅವಳಿಗೆ ಅಭಯ ಕೊಡುತ್ತಾನೆ. ಆಗ ಸುಂದರರು ಗೆಳೆತನದ ಸಲಿಗೆಯಿಂದ ಒಂದು ಉಪಾಯ ಹೂಡುತ್ತಾರೆ: ನಾನು ಸನ್ನಿಧಿಯಲ್ಲಿ ಆಣೆಯಿಡುವ ಹೊತ್ತಿಗೆ ನೀನು ಗರ್ಭಗುಡಿಯನ್ನು ಬಿಟ್ಟು ಹೊರಗಿನ ಬಕುಳದ ಮರದಡಿಗೆ ಹೋಗಿರು ಎಂದು. ದೇವರಿಲ್ಲದ ಗುಡಿಯಲ್ಲಿ ಇಟ್ಟ ಆಣೆ ಕಟ್ಟುವುದಿಲ್ಲವಷ್ಟೆ. ಶಿವನು ಒಪ್ಪುತ್ತಾನೆ, ಆದರೆ ಆಣೆಯನ್ನು ಮರದಡಿಯಲ್ಲಿಯೇ ಕೇಳೆಂದು ಸಂಕಿಲೆಗೂ ತಿಳಿಸುತ್ತಾನೆ. ಸುಂದರರು ಬೇರೆ ದಾರಿಯಿಲ್ಲದೆ ದೇವರು ನಿಂತ ಮರದಡಿಯಲ್ಲೇ ಆಣೆಯಿಡುತ್ತಾರೆ. ಕೆಲಕಾಲದ ಮೇಲೆ ವಸಂತೋತ್ಸವದ ನೆನಪು ತಿರುವಾರೂರಿಗೆ ಎಳೆದಾಗ ಊರ ಗಡಿ ದಾಟುತ್ತಾರೆ; ದಾಟಿದೊಡನೆ ಎರಡು ಕಣ್ಣೂ ಹೋಗುತ್ತವೆ. ದಾರಿಯಲ್ಲಿ ಹಾಡುತ್ತ, ನಿಂದಿಸುತ್ತ, ಬೇಡುತ್ತ ಸಾಗಿದವರಿಗೆ ತಿರುವೆಣ್ಬಾಕ್ಕದಲ್ಲಿ ಒಂದು ಊರುಗೋಲು, ಕಾಂಚಿಯಲ್ಲಿ ಒಂದು ಕಣ್ಣು, ತಿರುವಾರೂರಿನಲ್ಲಿ ಇನ್ನೊಂದು ಕಣ್ಣು ಮರಳಿ ಸಿಗುತ್ತವೆ. ಮಾಸಿ ತಿಂಗಳ ಉತ್ಸವದಲ್ಲಿ ಇಂದಿಗೂ ತಿರುವೊಟ್ಟಿಯೂರಿನ ಜನ ಆ ಮರದಡಿಯ ಆಣೆಯನ್ನು ‘ಮಗಿಳಡಿ ಸೇವೆ’ಯಾಗಿ ಆಚರಿಸುತ್ತಾರೆ.

ಈ ಕಥೆಯನ್ನು ಭಕ್ತನ ತಪ್ಪು, ದೇವರ ಶಿಕ್ಷೆ, ದೇವರ ಕರುಣೆ ಎಂದು ಓದುವುದು ವಾಡಿಕೆ. ಅದೂ ಇಬ್ಬರ ಕಥೆಯ ಓದು. ಆದರೆ ಕಥೆಯ ನಡುಗಂಬ ಬೇರೆ ಕಡೆ ಇದೆ. ಶಿವನು ಗೆಳೆಯನ ಗುಟ್ಟನ್ನು ಕಾಯಲಿಲ್ಲ. ಆಣೆಯ ಹೊತ್ತಿನಲ್ಲಿ ಅವನು ನಿಂತದ್ದು ತನ್ನ ಸಖನ ಕಡೆಗಲ್ಲ. ಮೋಸಹೋಗಲಿದ್ದ ಹೆಣ್ಣಿನ ಕಡೆಗೆ. ದೇವರೊಡನೆ ಸಲಿಗೆಯಿರುವುದು ಇನ್ನೊಬ್ಬರಿಗೆ ಎರಡು ಬಗೆಯಲು ಪರವಾನಗಿಯಲ್ಲವೆಂಬುದು ಇಲ್ಲಿನ ಧರ್ಮ. ಸುಂದರರು ಕಣ್ಣು ಕಳೆದುಕೊಂಡದ್ದು ಶಿವನಿಗೆ ಕೊಟ್ಟ ಮಾತು ಮುರಿದುದಕ್ಕಲ್ಲ. ಸಂಕಿಲೆಗೆ ಕೊಟ್ಟ ಮಾತು ಮುರಿದುದಕ್ಕೆ. ಶಿವನ ಪಾಲಿಗೆ ಆ ಎರಡೂ ಬೇರೆ ಬೇರೆ ಮಾತುಗಳಲ್ಲ.

6

ಈಗ ಪೇತ್ರನ ಕಥೆಗೆ ಬರಬಹುದು. ಮಾರ್ಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಆತ ತನ್ನ ಗುರುವಿನೊಡನೆ ಸಾಯಬೇಕಾದರೂ ಅಲ್ಲಗಳೆಯುವುದಿಲ್ಲವೆಂದು ಮಾತು ಕೊಡುತ್ತಾನೆ. ಉಳಿದವರೂ ಹಾಗೆಯೇ ಹೇಳುತ್ತಾರೆ. ಚೆನ್ನೈಯ ಸಾಂಥೋಮಿನಲ್ಲಿ ಸಮಾಧಿಯಾದನೆಂದು ಪರಂಪರೆ ನಂಬುವ ತೋಮನೂ ಯೋಹಾನನ ಹನ್ನೊಂದನೆಯ ಅಧ್ಯಾಯದಲ್ಲಿ, ಅವನೊಡನೆ ಸಾಯಲು ನಾವೂ ಹೋಗೋಣವೆಂದು ಸಂಗಡಿಗರನ್ನು ಹುರಿದುಂಬಿಸುತ್ತಾನೆ. ನಮ್ಮ ಶಾಸನಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇವು ವೇಳೆವಾಳಿಯ ಮಾತುಗಳು. ಯೇಸು ಈ ಬಗೆಯ ಆಣೆಯನ್ನು ಕೇಳಿರಲಿಲ್ಲ. ಬೆಟ್ಟದ ಪ್ರಸಂಗದಲ್ಲಿ ಆಣೆಯನ್ನೇ ಇಡಬೇಡಿರೆಂದು ಹೇಳಿದ್ದನು.

ಆ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಪೇತ್ರನ ಮಾತು ಮುರಿಯುತ್ತದೆ. ಅವನನ್ನು ಗುರುತಿಸುವವಳು ಒಬ್ಬ ದಾಸಿ. ಮತ್ತಾಯನು ಹೇಳುವಂತೆ ಎರಡನೆಯ ಸಲ ಅವನು ಆಣೆಯಿಟ್ಟೇ ಅಲ್ಲಗಳೆಯುತ್ತಾನೆ. ಸಾಯುವೆನೆಂಬ ಮಾತನ್ನು ಮುರಿದದ್ದು ಅರಿಯೆನೆಂಬ ಆಣೆ. ಇಷ್ಟನ್ನು ಪಾಠಪುಸ್ತಿಕೆಗಳು ಹೇಳುತ್ತವೆ: ಆತ್ಮವಿಶ್ವಾಸ ಹೆಚ್ಚಾದರೆ ಬೀಳುವೆ, ಎಚ್ಚರವಾಗಿರು ಎಂಬುದು ಅವು ತೆಗೆಯುವ ಪಾಠ. ಅದು ತಪ್ಪಲ್ಲ, ಆದರೆ ಸಾಲದು.

ಯೋಹಾನನ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಪೇತ್ರ ಮತ್ತೆ ಬಲೆ ಹಿಡಿದು ಕೆರೆಗೆ ಇಳಿದಿದ್ದಾನೆ. ದಡದಲ್ಲಿ ಕೆಂಡದ ಬೆಂಕಿ. ಈ ಬೆಂಕಿಗೆ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ಪೇತ್ರ ಚಳಿ ಕಾಯಿಸುತ್ತ ಅಲ್ಲಗಳೆದ ಅಂಗಳದಲ್ಲಿ ಒಮ್ಮೆ, ಈ ದಡದಲ್ಲಿ ಒಮ್ಮೆ. ಗ್ರಂಥಕಾರನು ಹಳೆಯ ಸ್ಥಳವನ್ನು ಹೊಸ ಸ್ಥಳದಲ್ಲಿ ನೆನಪಿಗೆ ತರುತ್ತಿದ್ದಾನೆಂಬುದರಲ್ಲಿ ಅನುಮಾನವಿಲ್ಲ. ಊಟವಾದ ಮೇಲೆ ಮೂರು ಸಲ ಪ್ರಶ್ನೆ: ನನ್ನ ಮೇಲೆ ಪ್ರೀತಿಯಿದೆಯೇ ಎಂದು. ಮೂರು ಸಲವೂ ಪೇತ್ರನ ಉತ್ತರ ಹೌದು. ಇಬ್ಬರ ಕಥೆಯಾಗಿದ್ದರೆ ಇಲ್ಲಿಗೆ ಸಾಕಿತ್ತು. ಮುರಿದ ಮಾತು ಕೂಡಿಕೊಂಡಿತು ಎನ್ನಬಹುದಿತ್ತು. ಆದರೆ ಪ್ರತಿ ಉತ್ತರದ ಬೆನ್ನಿಗೂ ಒಂದು ಅಪ್ಪಣೆ ಬರುತ್ತದೆ: ಕುರಿಗಳನ್ನು ಮೇಯಿಸು, ಕಾಯಿ ಎಂದು. ಪ್ರೀತಿಯನ್ನು ಗುರು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಮೂರನೆಯವರ ಕಡೆಗೆ ದಾಟಿಸುತ್ತಾನೆ. ‘ಹಿಂಬಾಲಿಸು’ ಎಂಬ ಕರೆ ಬರುವುದು ಅದಾದ ಮೇಲೆ.

ಲೂಕನ ಹದಿನಾಲ್ಕನೆಯ ಅಧ್ಯಾಯವನ್ನೂ ಈ ಬೆಳಕಿನಲ್ಲಿ ಮತ್ತೆ ಓದಬೇಕು. ಖರ್ಚಿನ ಲೆಕ್ಕದ ಸಾಮ್ಯ ಬರುವುದಕ್ಕೆ ಮೊದಲು ಅದೇ ಅಧ್ಯಾಯದಲ್ಲಿ ಒಂದು ಔತಣದ ಕಥೆಯಿದೆ. ಕರೆಯಿಸಿಕೊಂಡವರು ಹೊಲ, ಎತ್ತು, ಹೊಸ ಮದುವೆ ಎಂದು ನೆಪ ಹೇಳುತ್ತಾರೆ. ಅವರ ಜಾಗಕ್ಕೆ ಬಡವರು, ಊನರು, ಕುರುಡರು, ಕುಂಟರು ಬರುತ್ತಾರೆ. ಪಾಠಪುಸ್ತಿಕೆ ಬೆಲೆಯ ವಾಕ್ಯವನ್ನು ಈ ಪಂಕ್ತಿಯಿಂದ ಬಿಡಿಸಿ ತಂದಿದೆ. ಬಿಡಿಸಿದ್ದರಿಂದಲೇ ಬೆಲೆ ಶಿಷ್ಯನ ಸ್ವಂತ ಸಾಧನೆಯ ಅಳತೆಯಾಗಿದೆ. ತಬಿಥಾಳ ಶಿಷ್ಯತ್ವ ವಿಧವೆಯರ ಮೈಮೇಲಿನ ಬಟ್ಟೆಯಲ್ಲಿ ಕಂಡಿತೆಂಬುದನ್ನು ಇಲ್ಲಿ ನೆನೆಯಬೇಕು.

7

ಹೋಲಿಕೆ ಮಾಡುವಾಗ ವ್ಯತ್ಯಾಸಗಳನ್ನು ಮರೆಯುವುದು ಸುಲಭ. ಚತುರಾನನನ ಒಡೆಯ ಲೋಕದ ಅರಸುಮಗ. ಅವನು ಮರಳಿ ಬಂದು ಕ್ಷಮಿಸಲಾರ. ಅವನ ಶಿಷ್ಯತ್ವ ಇನ್ನೊಬ್ಬ ಗುರುವಿನ ಬಳಿ ಮೊದಲಾಯಿತು. ಪೇತ್ರನದು ಅದೇ ಗುರುವಿನ ಬಳಿ ಮುಂದುವರಿಯಿತು. ಸುಂದರರ ಕಥೆಯಲ್ಲಿ ದೇವರು ಆಟವಾಡುತ್ತಾನೆ, ಭಕ್ತನೂ ಆಟವಾಡುತ್ತಾನೆ. ಸುವಾರ್ತೆಯ ಅಂಗಳದಲ್ಲಿ ಆಟದ ಸುಳಿವಿಲ್ಲ. ಇವನ್ನೆಲ್ಲ ಒಂದೇ ಸತ್ಯದ ಹಲವು ರೂಪಗಳೆಂದು ಕಲಸಿಬಿಡುವುದು ನಮ್ಮ ಉದ್ದೇಶವಲ್ಲ.

ಎರಡೂ ಪರಂಪರೆಗಳಿಗೆ ಸಮಾನವಾದ ಒಂದು ಕೊರತೆಯನ್ನೂ ಹೇಳಬೇಕು. ಪರವೆಯ ಮುನಿಸು ಕಳೆಯಲು ಶಿವನೇ ದೂತನಾಗಿ ಓಡಾಡುತ್ತಾನೆ. ಸಂಕಿಲೆಯ ಬಾಗಿಲಿಗೆ ಯಾರೂ ಬಂದಂತಿಲ್ಲ. ಕೊನೆಗೆ ಕೈಲಾಸದಲ್ಲಿ ಆಕೆ ಪಾರ್ವತಿಯ ಸೇವೆಗೆ ಮರಳಿದಳೆಂಬುದರಲ್ಲಿ ಅವಳ ಕಥೆ ಮುಗಿಯುತ್ತದೆ. ಮಹಾಯಾಜಕನ ಅಂಗಳದ ದಾಸಿಯ ಗತಿಯೂ ಇದೇ. ಆ ರಾತ್ರಿ ಪೇತ್ರನ ವಿಷಯದಲ್ಲಿ ಮೊದಲು ನಿಜ ನುಡಿದವಳು ಅವಳು: ನೀನು ಅವನ ಸಂಗಡ ಇದ್ದವನು ಎಂದು. ಅವನು ಶಿಷ್ಯನೆಂಬುದನ್ನು ಅವನೇ ಅಲ್ಲಗಳೆದಾಗ ಎತ್ತಿ ಹೇಳಿದವಳು ಅವಳು. ಗ್ರಂಥ ಅವಳಿಗೆ ಹೆಸರು ಕೊಟ್ಟಿಲ್ಲ. ಪಾಠಪುಸ್ತಿಕೆ ಅವಳನ್ನು ಶೋಧನೆಯ ನೆಪವಾಗಿ ಕಂಡಿದೆ. ಶಿಷ್ಯತ್ವದ ನಿಜ ಹೊರಬರುವುದು ಮೂರನೆಯವರ ಬಾಯಿಂದ ಎಂಬುದನ್ನು ಒಪ್ಪಿದರೆ ಅವಳ ಮಾತನ್ನು ಹಾಗೆ ತಳ್ಳಿಹಾಕಲಾಗದು.

ಕನ್ನಡಕ್ಕೆ ಈ ಮೂರನೆಯ ಸ್ಥಾನ ಹೊಸದಲ್ಲ. ವೀರಶೈವವು ಗುರು, ಲಿಂಗ ಎಂಬ ಎರಡರಲ್ಲಿ ನಿಲ್ಲದೆ ಜಂಗಮವನ್ನೂ ಸೇರಿಸಿತು. ಮನೆಗೆ ಬಂದ ಜಂಗಮಕ್ಕೆ ಮಾಡುವ ದಾಸೋಹದಲ್ಲಿ ಭಕ್ತಿಯ ಪರೀಕ್ಷೆಯನ್ನು ಇಟ್ಟಿತು. ಮೋಗ್ಲಿಂಗನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ತಮಿಳು ಪುರಾತನರ ಕಥೆಗಳಿರುವ ಬಸವಪುರಾಣವನ್ನು ಅಚ್ಚು ಹಾಕಿಸಿದವನು. ಕಿಟ್ಟೆಲನು 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯಬಂಧಕ್ಕೆ ತಂದವನು. ಭಕ್ತಿಕಾವ್ಯದ ಮಟ್ಟು, ಮಾತುಗಳನ್ನು ಅವರು ತಮ್ಮದಾಗಿಸಿಕೊಂಡರು. ಆ ಕಾವ್ಯದಲ್ಲಿ ಶಿಷ್ಯತ್ವಕ್ಕಿದ್ದ ಮೂರು ಕೋನಗಳು ಅವರ ನಂತರದ ಪಾಠಗಳಿಗೆ ಎಷ್ಟರಮಟ್ಟಿಗೆ ಇಳಿದುಬಂದವೆಂಬುದನ್ನು ಇನ್ನು ಮೇಲೆ ಪರಿಶೀಲಿಸಬೇಕಾಗಿದೆ. ಬಾಸೆಲ್ ಮಿಶನ್ನಿನ ಮಂಗಳೂರು ಮುದ್ರಣಗಳಿಂದ ಹಿಡಿದು ಇಂದಿನ ಸಭಾಪತ್ರಿಕೆಗಳವರೆಗೆ ‘ಶಿಷ್ಯ’, ‘ಹಿಂಬಾಲಿಸು’, ‘ದೀಕ್ಷೆ’ ಎಂಬ ಪದಗಳ ಬಳಕೆಯನ್ನು ಕಾಲಕ್ರಮದಲ್ಲಿ ಗುರುತಿಸುವುದು ಈ ದಿಕ್ಕಿನಲ್ಲಿ ಮೊದಲ ಕೆಲಸ.

ಕರ್ನಾಟಕದ ಹೊರಗಿದ್ದು ಕನ್ನಡ ಅಧ್ಯಯನದಲ್ಲಿ ತೊಡಗಿರುವವರಿಗೆ ಈ ಕೆಲಸದಲ್ಲಿ ಒಂದು ಅನುಕೂಲವೂ ಇದೆ. ಕನ್ನಡ ಶೈವರು ಆದರಿಸಿದ ಕಥೆಯ ಮರ ತಮಿಳು ಊರಿನಲ್ಲಿದೆ. ಕನ್ನಡ ಅರಸನ ಹೆಸರು ಆ ಗುಡಿಯ ಗೋಡೆಯ ಮೇಲಿದೆ. ಕನ್ನಡ ಬೈಬಲು ಸಿದ್ಧವಾದ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಒಂದು ಭಾಷೆಯ ಗಡಿಯೊಳಗೆ ಕುಳಿತು ಇದನ್ನೆಲ್ಲ ಕಾಣುವುದು ಕಷ್ಟ. ತಿರುವೊಟ್ಟಿಯೂರಿನಂಥ ಇನ್ನೂ ಹಲವು ನೆಲೆಗಳು ಕಾಸರಗೋಡು, ಸೊಲ್ಲಾಪುರ, ಅನಂತಪುರದ ಕಡೆಗಳಲ್ಲಿ ಇರಬಹುದು. ಅಲ್ಲಿನ ಸಭೆಗಳ ಕನ್ನಡ ಪಾಠಗಳನ್ನು ಅಲ್ಲಿನ ನೆರೆಯ ಕಥೆಗಳೊಡನೆ ಇಟ್ಟು ಓದಬೇಕು. ಹಾಗೆ ಓದುವವರು ಪ್ರತಿ ಪಾಠಕ್ಕೂ ಕೇಳಬೇಕಾದ ಪ್ರಶ್ನೆಯೊಂದನ್ನು ಈ ಲೇಖನದ ಮೂಲಕ ಮುಂದಿಟ್ಟಿದ್ದೇವೆ: ಶಿಷ್ಯನು ಗುರುವಿಗೆ ಏನು ಕೊಟ್ಟನೆಂದು ಈ ಪಾಠ ಹೇಳುತ್ತದೆ, ಸರಿ, ಮರದಡಿಯಲ್ಲಿ ನಿಂತ ಸಂಕಿಲೆಯ ಬಗ್ಗೆ, ಅಂಗಳದಲ್ಲಿ ನಿಂತ ದಾಸಿಯ ಬಗ್ಗೆ ಅದು ಏನು ಹೇಳುತ್ತದೆ?